ಅಣ್ಣ ಕೊನೆಗೆ ಹಾಕಿದ ಲೆನ್ಸ್

ಅಣ್ಣ ಸತ್ತ ಮೇಲೆ ಅವಳು ಅಳಲಿಲ್ಲ ಎನ್ನುವುದೇ ನೆಂಟರಿಗೆಲ್ಲ ದೊಡ್ಡ ತಲೆನೋವಾಗಿತ್ತು. ಅಡುಗೆಮನೆಯಲ್ಲಿ ಚಿಕ್ಕಮ್ಮ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿದ್ದಿತ್ತು: "ಒಂದು ಹನಿ ಕಣ್ಣೀರಿಲ್ಲ ನೋಡು. ಕಲ್ಲು ಮನಸ್ಸು." ಜನರ ಬಾಯಿಗೆ ಬೀಗ ಹಾಕಲಾದೀತೆ? ಅವಳಿಗೆ ಕೋಪವೂ ಬರಲಿಲ್ಲ. ಬೇರೆ ಯಾರ ಬಗ್ಗೆಯೋ ಆಡಿದ ಮಾತಿನಂತೆ ಕೇಳಿಸಿತು, ಅಷ್ಟೆ.

ಅಮ್ಮ ಮಾತ್ರ ಅಳುವಿನ ಮಾತೆತ್ತಲಿಲ್ಲ. "ನಾಳೆ ತಿಥಿಗೆ ಎಲ್ಲಾ ಬರ್ತಾರೆ. ಫೋಟೋ ಕೆಳಗೆ ಅವನ ಹೆಸರಿನ ಹಲಗೆ ಹಾಕೋಣ. ನಿಮ್ಮ ಅಂಗಡೀಲೇ ಮಾಡು, ಹೊರಗಡೆಯವರದ್ದು ಬೇಡ," ಅಂದಳು.

ಹಾಗಾಗಿ ಅಂಗಡಿಯ ಷಟರ್ ಎತ್ತಬೇಕಾಯಿತು. ಊರಿನ ಬಾಗಿಲುಗಳಿಗೆಲ್ಲ ಹೆಸರು ಕೆತ್ತಿಕೊಟ್ಟ ಅಂಗಡಿಗೆ ನೆಟ್ಟಗೊಂದು ಬೋರ್ಡಿಲ್ಲ, ದೀಪದ ಬುಡ ಕತ್ತಲೆ. ಓದು ಮುಗಿಸಿ ಅಣ್ಣನ ಹಿಂದೆ ಬಂದವಳು ಇಲ್ಲೇ ಉಳಿದಳು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು ಅವಳ ಕೆಲಸ, ಅದನ್ನು ಕೆತ್ತುವ ಲೇಸರ್ ಮಷೀನು ಅಣ್ಣನದು. ಮದುವೆ ಮಾತು ಬಂದಾಗೆಲ್ಲ "ಈ ಆರ್ಡರ್ ಮುಗೀಲಿ" ಅನ್ನುತ್ತಿದ್ದಳು. ಆರ್ಡರ್ ಮುಗಿಯಲೇ ಇಲ್ಲ.

ಮರದ ಚೂರೊಂದರ ಮೇಲೆ ಅಣ್ಣನ ಹೆಸರು ಕೆತ್ತಿಸಿ ನೋಡಿದಳು. ಕೂದಲೆಳೆಯಂತಿರಬೇಕಾದ ಗೆರೆ ಹುರಿಯಷ್ಟು ದಪ್ಪ, ಅಂಚೆಲ್ಲ ಮಸಿ. ಚೂರಿನ ಎತ್ತರ ಹೊಂದಿಸಿ ಇನ್ನೊಮ್ಮೆ ಕಿರಣ ಬಿಟ್ಟಳು. ಅದೇ ರಾಗ, ಅದೇ ಹಾಡು.

ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಅವನು ಮೊದಲು ಕೇಳಿದ್ದೇ, "ಲೆನ್ಸ್ ನೋಡಿದ್ರಾ?"

"ನೋಡ್ತೀನಿ," ಅಂದವಳು ಲೆನ್ಸ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದಳು. ಲೇಸರ್ ಟ್ಯೂಬಿನ ನೀರು ತಣ್ಣಗೇ ಇತ್ತು. ಕನ್ನಡಿಗಳನ್ನು ಒರೆಸಿದಳು. ಒಂದೊಂದು ಕನ್ನಡಿಯ ಮುಂದೂ ಕಾಗದದ ಟೇಪು ಅಂಟಿಸಿ, ಮುಚ್ಚಳ ಹಾಕಿ, ರೆಪ್ಪೆ ಬಡಿಯುವಷ್ಟು ಹೊತ್ತು ಕಿರಣ ಬಿಟ್ಟಳು. ಸುಟ್ಟ ಗುರುತು ಎಲ್ಲ ಕಡೆಯೂ ದುಂಡಗೆ, ಸರಿಯಾಗಿ ನಡುವೆಯೇ ಬಿದ್ದಿತ್ತು. ಅಲ್ಲಿಯವರೆಗೆ ಕಿರಣದಲ್ಲಿ ದೋಷವಿಲ್ಲ. ಉಳಿದದ್ದು ಕಿರಣವನ್ನು ಚೂಪು ಮಾಡುವ ಲೆನ್ಸ್ ಒಂದೇ, ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಆ ಹೊಸ ಲೆನ್ಸ್ ಕೂರಿಸಿ ಬಿಗಿದವನು ಅಣ್ಣ. ಆಮೇಲೆ ಮಷೀನು ಓಡಿರಲಿಲ್ಲ. ಅವನ ಕೈಯ ಬಿಗಿ ಅಲ್ಲೊಂದು ಕಡೆ ಹಾಗೇ ಉಳಿದಿತ್ತು, ಬಿಚ್ಚಿದರೆ ಅದೂ ಹೋಗುತ್ತಿತ್ತು.

ಬಿಚ್ಚಿದಳು. ಲೆನ್ಸಿನ ಉಬ್ಬಿದ ಹೊಟ್ಟೆ ಕೆಳಮುಖವಾಗಿತ್ತು.

ಇದು ಅವಳು ಹೊಸದರಲ್ಲಿ ಮಾಡಿದ್ದ ತಪ್ಪು. "ಹೊಟ್ಟೆ ಮೇಲೆ ಮಾಡಿ ಮಲಗಿಸ್ಬೇಕು ಕಣೇ, ಊಟ ಆದ್ಮೇಲೆ ದೊಡ್ಡಪ್ಪ ಮಲಗ್ತಾರಲ್ಲ ಹಾಗೆ," ಅಂದಿದ್ದ ಅಣ್ಣ, ಅವಳಿಗೆ ಉಲ್ಟಾ ರಾಣಿ ಎಂದು ಹೆಸರಿಟ್ಟು ಮೆಕ್ಯಾನಿಕ್‌ವರೆಗೂ ಹಬ್ಬಿಸಿದ್ದ. ಅಣ್ಣನಾದರೋ ಕೈಗವಸಿನ ಬೆರಳು ಸವರಿಯೇ ಹೊಟ್ಟೆ ಯಾವುದು, ಬೆನ್ನು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಈ ಹೊಸ ಲೆನ್ಸ್ ಹಾಕಿದ ದಿನ ಮಾತ್ರ ಅವನಿಗೆ ಬಹಳ ಹೊತ್ತು ಹಿಡಿದಿತ್ತು. "ಬೆರಳು ಯಾಕೋ ಜೋಮು ಹಿಡಿದ ಹಾಗಿದೆ," ಎಂದಿದ್ದ.

ಅವಳು ಕಂಪ್ಯೂಟರಿನಿಂದ ತಲೆಯೆತ್ತದೆ, "ಬೇಗ ಮುಗಿಸಣ್ಣ, ಬೆಳಿಗ್ಗೆ ಗಿರಾಕಿ ಬರ್ತಾರೆ," ಎಂದಿದ್ದಳು. ಅವನು ಹಾಗೇ ಬಿಗಿದು ಮುಗಿಸಿದ್ದ.

ಈಗ ಆ ಜೋಮು ಅವಳಿಗೆ ಹಿಡಿದಿತ್ತು, ಬೆರಳಿಗಲ್ಲ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಲೆನ್ಸನ್ನು ತಿರುಗಿಸಿ ಹಾಕಿ, ಒಳ್ಳೆಯ ಹಲಗೆಯೊಂದನ್ನು ಇಟ್ಟಳು. ಅಣ್ಣನ ಹೆಸರು ಕೂದಲೆಳೆಯ ಗೆರೆಯಲ್ಲಿ ಮೂಡಿ ಬಂತು.

ಮೆಕ್ಯಾನಿಕ್ ತಾನೇ ಫೋನ್ ಮಾಡಿದ. "ಏನಾಗಿತ್ತು?"

"ಲೆನ್ಸ್ ಉಲ್ಟಾ ಇತ್ತು."

"ಯಾರು ಹಾಕಿದ್ದು? ನಿಮ್ಮಣ್ಣ ಅಂತೂ ಆಗಿರಲ್ಲ."

ಅವಳು ಹಲಗೆಯ ಮೇಲಿನ ಮಸಿ ಒರೆಸುತ್ತಿದ್ದಳು. "ನಾನೇ," ಅಂದಳು.

"ಮತ್ತೆ ಉಲ್ಟಾ ರಾಣೀನೇನಾ?" ಅವನು ನಕ್ಕು, ನಕ್ಕಿದ್ದು ತಪ್ಪಾಯಿತೆನಿಸಿ ದನಿ ತಗ್ಗಿಸಿದ. "ಅವರಿದ್ದಿದ್ರೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ರು."

"ಹೂಂ," ಅಂದಳು. "ಹೇಳ್ತಿದ್ದ."