ಗಾಳಿಪಟದ ದಾರ ಹಿಡಿದು ಕಲಿತ ಹಿಂದಿ

ಬನಾರಸಿಗೆ ಬಂದ ಮೊದಲ ವರ್ಷ ನನಗೆ ಹಿಂದಿ ತಲೆಗೆ ಹತ್ತಲೇ ಇಲ್ಲ. ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನೆನಪಿನ ಶಕ್ತಿಯ ಬಗ್ಗೆ ಸಂಶೋಧನೆ ಮಾಡುತ್ತಾರೆ. ದಾವಣಗೆರೆ ಬಿಟ್ಟು ಬಂದ ನಾವಿಬ್ಬರೂ ಬಂಗಾಲಿ ಟೋಲಾದ ಓಣಿಯೊಂದರಲ್ಲಿ, ಹಳೆಯ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದೆವು.

ಹಿಂದಿ ಕಲಿಯಲು ಹತ್ತಿರದಲ್ಲೇ ಇದ್ದ ನಿವೃತ್ತ ಟೀಚರೊಬ್ಬರ ಮನೆಗೆ ಹೋಗುತ್ತಿದ್ದೆ. ಅವರು ಕೆಟ್ಟವರೇನಲ್ಲ. ಆದರೆ ನಾನು ತಪ್ಪು ಮಾಡಿದೊಡನೆ ಮಾತು ನಿಲ್ಲಿಸಿ, ಸರಿಯಾದದ್ದನ್ನು ಹೇಳುವವರೆಗೂ ನನ್ನನ್ನೇ ನೋಡುತ್ತ ಕೂತಿರುತ್ತಿದ್ದರು. ಹಿಂದಿಯಲ್ಲಿ ಜೀವವಿಲ್ಲದ ವಸ್ತುಗಳಲ್ಲೂ ಗಂಡು, ಹೆಣ್ಣು ಎಂಬ ಭೇದ. ರೊಟ್ಟಿ ಹೆಣ್ಣು, ಅನ್ನ ಗಂಡು. ಮನೆಯಲ್ಲಿ ಗಟ್ಟಿ ಮಾಡಿಕೊಂಡು ಹೋದದ್ದೆಲ್ಲ ಅವರೆದುರು ಕೂತ ಕೂಡಲೇ ಅಳಿಸಿಹೋಗುತ್ತಿತ್ತು. ತರಕಾರಿ ಗಾಡಿಯವನ ಮುಂದೆಯೂ ಅದೇ ಪಾಡು. ಬೆರಳು ಮಾಡಿ ತೋರಿಸಿ ಕೊಂಡು ಬರುತ್ತಿದ್ದೆ.

ನನಗೆ ವಯಸ್ಸಾಯಿತು, ಇನ್ನು ಏನೂ ಹತ್ತುವುದಿಲ್ಲ ಎಂದು ಒಂದು ದಿನ ಗಂಡನ ಹತ್ತಿರ ಗೋಳಾಡಿದೆ.

"ವಯಸ್ಸಿಂದಲ್ಲ ಕಣೇ. ಹೆದರಿಕೊಂಡು ಕೂತಾಗ ಮನಸ್ಸು ಆ ಹೆದರಿಕೆಯನ್ನೇ ಕಲಿಯುತ್ತೆ. ಪಾಠ ಹೊರಗೇ ಉಳಿಯುತ್ತೆ" ಅಂದರು.

"ನಾನೇನು ನಿಮ್ಮ ಲ್ಯಾಬಿನ ಇಲಿಯೇನ್ರೀ?" ಅಂತ ರೇಗಿದೆ.

ಸಂಕ್ರಾಂತಿ ಬಂತು. ಇಲ್ಲಿ ಅದನ್ನು ಖಿಚಡಿ ಹಬ್ಬ ಅನ್ನುತ್ತಾರೆ. ಆ ದಿನ ಊರಿಗೆ ಊರೇ ಮಾಳಿಗೆಯ ಮೇಲಿರುತ್ತದೆ. ನಾನು ಎಳ್ಳು-ಬೆಲ್ಲ ಕಲೆಸಿ ಮನೆಯ ಯಜಮಾನಿಗೆ ಕೊಡಲು ಮಾಳಿಗೆಗೆ ಹೋದೆ. ಅರವತ್ತು ದಾಟಿದ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಳದಿ ಗಾಳಿಪಟ ಹಾರಿಸುತ್ತಿದ್ದರು. ಓಣಿಯವರೆಲ್ಲ ಆಕೆಯನ್ನು ಚಾಚಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅದುವರೆಗೆ ನಮ್ಮಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಮಾತೇ ಇರಲಿಲ್ಲ. ಬಟ್ಟಲು ಕಂಡದ್ದೇ ದಾರವನ್ನು ನನ್ನ ಕೈಗೆ ತುರುಕಿ, ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡರು.

ನಾನು ಜೀವಮಾನದಲ್ಲಿ ಗಾಳಿಪಟ ಹಾರಿಸಿದವಳಲ್ಲ. ದಾರದ ಆ ತುದಿಯಲ್ಲಿ ಯಾವುದೋ ಪ್ರಾಣಿ ಜಗ್ಗುತ್ತಿದ್ದಂತಿತ್ತು. ಬಿಡಲು ಭಯ, ಹಿಡಿಯಲೂ ಭಯ, ಆದರೂ ಎಂಥದೋ ಖುಷಿ. ಅಷ್ಟರಲ್ಲಿ ಓಣಿಯಾಚೆಯ ಮಾಳಿಗೆಯಿಂದ ಒಂದು ಕೆಂಪು ಗಾಳಿಪಟ ನಮ್ಮ ದಾರ ಕೊಯ್ಯಲು ನಮ್ಮದರ ಮೇಲೆ ಏರಿ ಬಂತು.

"ಢೀಲ್ ದಾ, ದುಲಹಿನ್, ಢೀಲ್ ದಾ!"

ದುಲಹಿನ್ ಅಂದರೆ ಮದುಮಗಳು. ಬೆಳ್ಳಿಕೂದಲಿನ ನನ್ನನ್ನು ಆಕೆ ಹಾಗೆ ಕರೆದದ್ದಕ್ಕೆ ನಗಲೂ ಪುರಸೊತ್ತಿರಲಿಲ್ಲ. ಢೀಲ್ ಎಂಬ ಮಾತು ನಾನು ಕೇಳಿದ್ದೇ ಇಲ್ಲ. ಆಕೆ ನನ್ನ ಮುಷ್ಟಿ ಬಿಡಿಸಿದರು, ದಾರ ಸಡಿಲವಾಗಿ ಸರ್ರನೆ ಓಡಿತು, ಅರ್ಥವಾಯಿತು. ಆಮೇಲೆ "ಖೀಂಚಾ" ಅಂದರು. ಕೇಳಿದ್ದೇ ತಡ, ಕೈ ತಾನೇ ಎಳೆಯಿತು. ದಾರ ಕತ್ತರಿಸಿಹೋದ ಕೆಂಪು ಗಾಳಿಪಟ ಒಮ್ಮೆ ತಲೆಕೆಳಗಾಗಿ, ತೂರಾಡುತ್ತ ಗಂಗೆಯ ಕಡೆ ಹೋಯಿತು. ಸುತ್ತಲ ಮಾಳಿಗೆಗಳಿಂದೆಲ್ಲ "ಭಕ್ಕಾಟಾ" ಎಂಬ ಗೆಲುವಿನ ಕೂಗೆದ್ದಿತು. ನಾನು ಕುಣಿದಾಡುತ್ತ "ಕಟ್ ಗಯೀ, ಚಾಚಿ, ಕಟ್ ಗಯೀ" ಎಂದು ಅರಚಿದೆ. ಪತಂಗ್, ಅಂದರೆ ಗಾಳಿಪಟ, ಹೆಣ್ಣೋ ಗಂಡೋ ಎಂದು ಯೋಚಿಸಿರಲೇ ಇಲ್ಲ; ಹೆಣ್ಣಿಗೆ ಹೊಂದುವ ಗಯೀ ಸರಿಯಾಗಿಯೇ ಬಂದಿತ್ತು.

ಆಮೇಲೆ ನಾವೂ ಸಾಕಷ್ಟು ಗಾಳಿಪಟ ಕಳೆದುಕೊಂಡೆವು. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ತಗುಲಿ ನನ್ನ ಬೆರಳು ಕೊಯ್ದುಹೋಯಿತು. ಚಾಚಿ ಅರಿಶಿನ ಮೆತ್ತುತ್ತ ತಮ್ಮ ಕಥೆ ಹೇಳಿದರು. ಗಂಡನಿದ್ದಷ್ಟು ದಿನ ಹಾರಿಸುವವನು ಅವನೇ. ಈಕೆಯದು ಬರೀ ದಾರದ ಉರುಳೆ ಹಿಡಿದು ನಿಲ್ಲುವ ಕೆಲಸ. ಅವನು ಹೋದ ಮೇಲೆ ಬಂದ ಮೊದಲ ಖಿಚಡಿಯ ದಿನ, ಕೆಳಗೆ ಕೂತು ಅಳುತ್ತಿದ್ದವರು ಮೇಲಿನ ಗದ್ದಲ ಕೇಳಲಾರದೆ ಎದ್ದು ಬಂದು ದಾರ ಕೈಗೆ ತೆಗೆದುಕೊಂಡರಂತೆ. "ಅವತ್ತು ಕೈ ನಡುಗಲಿಲ್ಲ" ಅಂದರು. ಅರ್ಧ ಹಿಂದಿ, ಅರ್ಧ ಭೋಜಪುರಿಯಲ್ಲಿ ಆಕೆ ಹೇಳಿದ್ದರಲ್ಲಿ ಒಂದು ಮಾತೂ ನನಗೆ ತಪ್ಪಿಹೋಗಲಿಲ್ಲ. ನಾನೂ ಹೇಳಿದೆ, ನನ್ನ ಅಮ್ಮನ ಬಗ್ಗೆ, ದಾವಣಗೆರೆಯ ಬಗ್ಗೆ. ಕತ್ತಲಾಗುವವರೆಗೂ ಮಾತಾಡಿದೆವು.

ಮುಂದಿನ ಪಾಠಕ್ಕೆ ಓಡಿದೆ ಅಂತಲೇ ಹೇಳಬೇಕು. ಭೂತಕಾಲದಲ್ಲಿ ಐದು ವಾಕ್ಯ ಹೇಳಿ ಅಂದರು ಟೀಚರು. ನಾನು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕೆಂಪು ಗಾಳಿಪಟ ಮೇಲೇರಿ ಬಂದದ್ದು, ಚಾಚಿ ಮುಷ್ಟಿ ಬಿಡಿಸಿದ್ದು, ದಾರ ಸರ್ರನೆ ಓಡಿದ್ದು, ಎಲ್ಲ ಕೈಬೀಸಿ ಹೇಳುತ್ತ ಹೋದೆ. ತಪ್ಪುಗಳು ಇದ್ದೇ ಇದ್ದವು, ಭೋಜಪುರಿಯೂ ನುಗ್ಗುತ್ತಿತ್ತು. ಬೆರಳು ಕೊಯ್ದುಕೊಂಡಲ್ಲಿಗೆ ಬಂದಾಗ ಉಸಿರಿಗೆಂದು ನಿಂತೆ. ಟೀಚರು ಕುರ್ಚಿಯ ತುದಿಗೆ ಸರಿದು ಕೂತಿದ್ದರು.

"ಫಿರ್ ಕ್ಯಾ ಹುವಾ?" ಅಂದರು. ಆಮೇಲೇನಾಯಿತು?