ನಾನು ಆರಿಸಿದ ಕರ್ಪೂರ

ನನ್ನ ತಮ್ಮನ ಎಡಗಿವಿ ಹೋಗಿದ್ದು ಹೆಲ್ಮೆಟ್ ಏಟಿಗೆ. ಹೊಡೆದವನು ಬೇರೆ. ಆ ಏಟು ಬೀಳುವಾಗ ಅವನ ಎರಡೂ ತೋಳುಗಳನ್ನು ಹಿಂದಿನಿಂದ ಹಿಡಿದುಕೊಂಡಿದ್ದವನು ನಾನು. ಜಗಳ ಬಿಡಿಸಲು ಹಿಡಿದೆ ಎಂದು ಊರಿನಲ್ಲಿ ಹೇಳಿದ್ದೇನೆ, ನೆಂಟರಿಗೆ ಹೇಳಿದ್ದೇನೆ, ಹೆಂಡತಿಗೂ ಹಾಗೆಯೇ ಹೇಳಿದ್ದೇನೆ. ನಾನು ಓದಿದ್ದು ಆರನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಲು ಹೊರಟಾಗಲೆಲ್ಲ ಮಾತು ನನ್ನ ಕಡೆಗೇ ವಾಲಿಬಿಡುತ್ತದೆ.

ತಮ್ಮ ಚಿಕ್ಕಂದಿನಲ್ಲೇ ಕನಕಪುರದ ಕಡೆಯ ಕಲ್ಲು ಕ್ವಾರಿಗೆ ಸೇರಿ ಬಂಡೆ ಸಿಡಿಸುವ ಕೆಲಸ ಕಲಿತಿದ್ದ. ಅದನ್ನು ನಂಬಿಕೊಂಡು ದೇಶದ ಆ ತುದಿಗೆ, ಗಡಿಯ ಬೆಟ್ಟಗಳಲ್ಲಿ ರಸ್ತೆ ಮಾಡುವ ಒಬ್ಬ ಕಂಟ್ರಾಕ್ಟರನ ಹತ್ತಿರ ಹೋಗಿ ಮೂರು ವರ್ಷ ಇದ್ದ. ಸಿಡಿಮದ್ದಿನ ಪೆಟ್ಟಿಗೆಗಳನ್ನು ಕಟ್ಟಿ ಇಡುವ ಸ್ಟೋರಿನ ಜವಾಬ್ದಾರಿ ಅವನದು. ಒಂದು ಬೆಳಗಿನ ಜಾವ ಬಂಡುಕೋರರು ಆ ಸ್ಟೋರಿಗೆ ನುಗ್ಗಿದರು. ಕಾವಲಿನವನ ಹೊಟ್ಟೆಗೆ ಗುಂಡು ಹೊಡೆದರು, ಅಡುಗೆಯವನನ್ನು ಮಚ್ಚಿನಲ್ಲಿ ಕೊಚ್ಚಿದರು, ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಹೊತ್ತುಕೊಂಡು ಹೋದರು. ಒಂದು ಮೋರಿ ಪೈಪಿನೊಳಗೆ ಮುದುರಿಕೊಂಡು ತಮ್ಮ ಉಳಿದುಕೊಂಡ. ಆಮೇಲೆ ಅಡುಗೆಯವನನ್ನು ಕಂಬಳಿಗೆ ಎತ್ತಿ ಹಾಕಿದವನೂ ಅವನೇ. ಆ ತಿಂಗಳೇ ಕೆಲಸ ಬಿಟ್ಟು ಊರಿಗೆ ಬಂದ. ಇದನ್ನೆಲ್ಲ ಅವನು ನನಗೊಬ್ಬನಿಗೆ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದ್ದ.

ಸೊಪ್ಪಿನ ಮಾತು ಬಂತು, ಅದರ ಗಂಟಿನ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಸೊಪ್ಪಿನ ಹೊರೆ ಕಟ್ಟುವುದಕ್ಕೆ ನಮ್ಮಪ್ಪ ಒಂದು ಗಂಟು ಕಲಿಸಿದ್ದರು. ಗೋಣಿ ಹುರಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಅಡಿಯಿಂದ ತೂರಿಸಿ, ಒಂದು ಕುಣಿಕೆ ಹೊರಗೆ ಬಿಡುವುದು. ಸೊಪ್ಪಿನ ಹಾಲು ಮೆತ್ತಿ ಬೆರಳು ಅಂಟಾಗಿದ್ದರೂ ಕುಣಿಕೆ ಎಳೆದರೆ ಹೊರೆ ಬಿಚ್ಚಿಕೊಳ್ಳುತ್ತದೆ. ಊರಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ. ಅಪ್ಪ ಹೋದ ಮೇಲೆ ಆ ಗಂಟು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆ ದಿನ ಹುಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡಲು ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಹಾಗಾಗಿ ನಮಗೂ ಬಿಡುವು. ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ಬಸ್ ಸ್ಟಾಪಿನ ಟೀ ಅಂಗಡಿಗೆ ಹೋದೆವು. ಟೀವಿ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಮುಂದಿನ ಬೆಂಚಿನಲ್ಲಿ ಪಂಚಾಯ್ತಿಯ ಹಳೇ ಮೆಂಬರು ಕೂತಿದ್ದರು. ನಾವು ಅವರನ್ನು ಮಾವ ಅಂತಲೇ ಕರೆಯುವುದು. ಅವರ ಒಬ್ಬನೇ ಮಗ ಮಿಲಿಟರಿಯಲ್ಲಿ, ಅದೇ ಬೆಟ್ಟದ ಸೀಮೆಯಲ್ಲಿದ್ದ. ಹಿಂದಿನ ದಿನ ಅಲ್ಲಿ ಸೈನಿಕರ ಲಾರಿಯನ್ನು ಮದ್ದಿಟ್ಟು ಸಿಡಿಸಿದ್ದರು. ಮಗನಿಂದ ಫೋನ್ ಬಂದಿರಲಿಲ್ಲ. ಅವರು ಟೀ ಮುಟ್ಟಿರಲಿಲ್ಲ, ಮೇಲೆ ಕೆನೆ ಕಟ್ಟಿತ್ತು.

ಟೀವಿಯಲ್ಲಿ ಲಾರಿಯ ಚೂರು, ರಕ್ತ ಮೆತ್ತಿದ ಬೂಟು, ಕಿರುಚಾಟ. ಆಚೆ ದೇಶದ ಸರ್ಕಾರವೇ ಬಂಡುಕೋರರಿಗೆ ಮದ್ದು ಕೊಟ್ಟಿದೆ, ಇಗೋ ಸಾಕ್ಷಿ ಎಂದು ಕಾಡಿನಲ್ಲಿ ಸಿಕ್ಕಿದ ನಾಲ್ಕು ಪೆಟ್ಟಿಗೆ ತೋರಿಸಿದರು. ಅದನ್ನೇ ಮತ್ತೆ ಮತ್ತೆ ತೋರಿಸಿದರು.

“ಆ ದೇಶುಕ್ಕೆ ಒಂದ್ ಬಾಂಬ್ ಆಕುದ್ರೆ ಎಲ್ಲಾ ಸರ್‍ಯಾಯ್ತದೆ,” ಅಂದ ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗುವವನು. ಬಸ್ಸು ನೆಚ್ಚದೆ ಬೈಕಲ್ಲಿ ಓಡಾಡುವ ಅವನ ಕೈಯಲ್ಲಿ ಹೆಲ್ಮೆಟ್ ಇತ್ತು.

“ನೀನೇ ಓಗಿ ಆಕ್ಬುಟ್ ಬಾ, ಶಿಫ್ಟ್ ಮುಗುದ್ ಮ್ಯಾಕೆ,” ಅಂದ ಅಂಗಡಿಯವನು. ಒಂದಿಬ್ಬರು ನಕ್ಕರು. ಮೆಂಬರ್ ಮಾವ ನಗಲಿಲ್ಲ.

ಆಗ ತಮ್ಮ ಬಾಯಿ ಬಿಟ್ಟ. “ಆ ಪೆಟ್ಗೆ ಆಚೆ ದೇಶದ್ದಲ್ಲ ಕಣ್ರೋ. ನಮ್ ಸ್ಟೋರ್‍ದು. ನಾನೇ ಕಟ್ಟಿ ಮಡಗಿದ್ದು.”

ಎಲ್ಲರೂ ತಿರುಗಿದರು.

“ನೀನ್ ಕಟ್ಟಿದ್ದಾ? ಏನ್ಲಾ ಏಳ್ತಿದ್ದೀಯ?” ಅಂದರು ಮಾವ, ಬಹಳ ಮೆಲ್ಲಗೆ.

“ಬೇರೆ ಮದ್ದು ಅವ್ರು ಕೊಟ್ಟವ್ರೋ ಇಲ್ವೋ ನಂಗೊತ್ತಿಲ್ಲ ಮಾವ. ಟೀವಿಲಿ ತೋರುಸ್ತಿರೋ ಆ ಪೆಟ್ಗೆ ಮಾತ್ರ ನಮ್ಮ ತಾವ ಲೂಟಿ ಮಾಡಿದ್ದು.”

“ಅಂಗಂದ್ರೆ ನನ್ ಮಗನ್ನ ಸಾಯ್ಸಕ್ಕೆ ಮದ್ ಕಟ್ಟಿಕ್ಕಿದೋನು ನೀನು.”

“ಅಯ್ಯೋ, ಅಂಗಲ್ಲ ಮಾವ...”

ಅಷ್ಟರಲ್ಲಿ ಟೀವಿಯಲ್ಲಿ ಮತ್ತೆ ಪೆಟ್ಟಿಗೆ ಬಂತು. ನಾನು ನೋಡಿದೆ. ಮೂರನೇ ಪೆಟ್ಟಿಗೆಗೆ ಗೋಣಿ ಹುರಿ. ಎರಡು ಸುತ್ತು, ಅಡಿಯಿಂದ ತೂರಿಸಿದ ತುದಿ, ಹೊರಗೆ ಬಿಟ್ಟ ಕುಣಿಕೆ. ನಮ್ಮಪ್ಪನ ಗಂಟು. ತಮ್ಮ ಹೇಳುತ್ತಿರುವುದು ಅಕ್ಷರಶಃ ನಿಜ ಎಂದು ಆ ಅಂಗಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ನಮ್ಮ ಸೀಮೆಯಲ್ಲಿ ಕೋಳಿ ಕದ್ದರೂ, ಬದು ಒತ್ತಿದರೂ ಕೊನೆಗೆ ಕಬ್ಬಾಳಮ್ಮನ ಮುಂದೆ ಕರ್ಪೂರ ಹಚ್ಚಿ, ಮಾತು ಹೇಳಿ, ಅಂಗೈಯಲ್ಲಿ ಆರಿಸುವುದು. ಆರಿಸಿದವನ ಮಾತು ನಿಜ. ಆರಿಸಲು ಹಿಂಜರಿದವನು ಕಳ್ಳ. ಸಾವಿರಾರು ಮೈಲಿ ಆಚೆಯ ಬೆಟ್ಟದಲ್ಲಿ ಯಾವ ಸರ್ಕಾರ ಯಾರಿಗೆ ಏನು ಕೊಟ್ಟಿತು ಎಂಬುದನ್ನೂ ನಮ್ಮವರು ಅದೇ ಕರ್ಪೂರದಲ್ಲಿ ತೀರಿಸಲು ಹೊರಟರು. ಅಂಗಡಿಯ ಗೋಡೆಯಲ್ಲಿದ್ದ ಅಮ್ಮನ ಪಟದ ಕೆಳಗೆ ಯಾರೋ ತಟ್ಟೆ ಇಟ್ಟು ಹಚ್ಚಿಯೇಬಿಟ್ಟರು.

“ಆಚೆ ದೇಶದೋರು ಕೊಟ್ಟಿಲ್ಲ ಅಂತ ಆರ್ಸ್ಲಾ,” ಅಂದರು ಮಾವ.

“ನಾನ್ ಕಂಡಿದ್ಕೆ ಆರುಸ್ತೀನಿ. ಪೆಟ್ಗೆ ನಮ್ದು ಅಂತ ಆರುಸ್ತೀನಿ. ಅವ್ರು ಏನೂ ಕೊಟ್ಟಿಲ್ಲ ಅಂತ ನಾನೆಂಗ್ ಆರುಸ್ಲಿ? ನಾನ್ ಕಂಡಿಲ್ವಲ್ಲ.”

“ಇಂಜರೀತವ್ನೆ ನೋಡ್ರೋ!” ಅಂದ ಹೆಲ್ಮೆಟ್ಟಿನವನು.

ಮಾವ ನನ್ನ ಕಡೆ ತಿರುಗಿದರು. ಅವರ ಕಣ್ಣು ಕೆಂಪಗಿತ್ತು. “ಅವ್ನು ಕಿರಿಯ. ಮನೆ ಯಜಮಾನ ನೀನು. ನಿಮ್ಮನೆ ಮಾತೇನು, ನೀನೇಳು.”

ಆಗ ನಾನು ಮಾಡಿದ್ದನ್ನು ತಮ್ಮನನ್ನು ಉಳಿಸಲು ಮಾಡಿದೆ ಎಂದು ಇದುವರೆಗೆ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಪೆಟ್ಟಿಗೆ ಅವನದಲ್ಲ ಎಂದಾದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡೆ ಅಂತ. ಸುಳ್ಳು. ಹತ್ತು ಹನ್ನೆರಡು ಜನ ನನ್ನ ಮುಖ ನೋಡುತ್ತಿದ್ದರು, ನನಗೆ ಅವರ ಹೆದರಿಕೆ. ಇನ್ನೊಂದೂ ಇತ್ತು. ಮೂರು ವರ್ಷ ಹೊರಗಿದ್ದು ಬಂದು, ನಾವು ಕಾಣದ್ದನ್ನು ಕಂಡವನ ಹಾಗೆ ಅವನು ಮಾತಾಡುತ್ತಿದ್ದುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ನಾನು ಮುಂದೆ ಹೋಗಿ ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಒತ್ತಿದೆ.

“ಟೀವಿಲಿ ಬಂದಿದ್ದೇ ನಿಜ. ಆ ಪೆಟ್ಗೆ ಇವನ್ದಲ್ಲ.”

ತಮ್ಮ ನನ್ನನ್ನೇ ನೋಡಿದ. “ಅಣ್ಣ, ಗಂಟು ನೋಡ್ನಿಲ್ವಾ ನೀನು?”

“ಯಾವ ಗಂಟ್ಲಾ?” ಅಂದೆ.

ಮೊದಲ ಏಟು ಮಾವನದು, ಚಪ್ಪಲಿಯಲ್ಲಿ, ಬಾಯಿ ಮೇಲೆ. “ದೇಶುದ್ರೋಹಿ, ಸುಳ್ ಬೊಗುಳ್ತೀಯಾ!” ತಮ್ಮನ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಅವನು ಕೈ ಎತ್ತಿದ, ಹೊಡೆಯಲೋ ತಡೆಯಲೋ ಗೊತ್ತಿಲ್ಲ. “ಇಡ್ಕಳೋ ಅವನ್ನ!” ಎಂದು ಯಾರೋ ಕೂಗಿದರು. ನಾನು ಹಿಡಿದೆ. ಹಿಂದಿನಿಂದ, ಎರಡೂ ತೋಳು, ಹೊರೆ ಬಿಗಿದ ಹಾಗೆ. ಹೊಟ್ಟೆಗೆ ಮೊಣಕಾಲು ಬಿತ್ತು. ಅವನ ಉಸಿರು ಹೊರಗೆ ಹೋದದ್ದು ನನ್ನ ಎದೆಗೆ ತಾಗಿತು. ಯಾರೋ ಟೀ ಗ್ಲಾಸು ಎಸೆದರು, ಹಣೆಗೆ ತಗುಲಿ ಒಡೆಯಿತು. “ಬುಡ್ರಪ್ಪಾ, ಸತ್ತೋಯ್ತಾನೆ,” ಎಂದು ಅಂಗಡಿಯವನು ಅಳುವ ದನಿಯಲ್ಲಿ ಹೇಳುತ್ತಿದ್ದ. ಆಮೇಲೆ ಹೆಲ್ಮೆಟ್ ಬಂತು, ಎಡಗಿವಿಗೆ, ಎರಡು ಸಲ. ಎರಡನೆಯದಕ್ಕೆ ಅವನ ತಲೆ ಹಿಂದಕ್ಕೆ ವಾಲಿ ನನ್ನ ಹೆಗಲ ಮೇಲೆ ಬಿತ್ತು. ಕಿವಿಯಿಂದ ರಕ್ತ ನನ್ನ ಅಂಗಿಗೆ ಸುರಿಯಿತು. ಮೊದಲನೇ ಏಟಿಗೂ ಎರಡನೇ ಏಟಿಗೂ ನಡುವೆ ನಾನು ಬಿಡಬಹುದಿತ್ತು. ಬಿಡಲಿಲ್ಲ.

ಮೆಂಬರ್ ಮಾವನ ಮಗ ಅದೇ ಸಂಜೆ ಫೋನ್ ಮಾಡಿದ. ಅವನು ಬೇರೆ ಲಾರಿಯಲ್ಲಿದ್ದನಂತೆ. ಅಷ್ಟು ಹೊತ್ತಿಗೆ ತಮ್ಮ ಕನಕಪುರದ ಆಸ್ಪತ್ರೆಯಲ್ಲಿದ್ದ. ಕಿವಿಯ ತಮಟೆ ಹರಿದಿದೆ, ಒಳಗಿನ ನರಕ್ಕೂ ಏಟಾಗಿದೆ ಅಂದರು. ಕಂಪ್ಲೇಂಟ್ ಬರೆಸು ಎಂದು ನಾನೇ ಹೇಳಿದೆ. ತಮ್ಮ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡು, “ಬರ್‍ಸಿದ್ರೆ ಇಡ್ಕಂಡಿದ್ದೋನ ಎಸ್ರೂ ಬರುಸ್ಬೇಕಾಯ್ತದಲ್ಲಣ್ಣ,” ಅಂದ. ಬೈಕಿಂದ ಬಿದ್ದೆ ಎಂದು ಬರೆಸಿದ.

ಆ ಪೆಟ್ಟಿಗೆಗಳ ವಿಷಯ ಟೀವಿಯಲ್ಲಿ ಒಂದು ವಾರ ಓಡಿತು. ಆಮೇಲೆ ಅವರೂ ಬಿಟ್ಟರು. ಆಚೆ ಸರ್ಕಾರ ಏನು ಮಾಡಿತ್ತು, ಮಾಡಿರಲಿಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಒಂದು ಗಂಟು. ಕೇಳಿದಾಗ ಅದನ್ನು ಹೇಳಲಿಲ್ಲ.

ಅಂಗೈಯ ಸುಟ್ಟ ಗಾಯ ಮಾಯ್ದ ಮೇಲೆ ಒಂದು ಮಂಗಳವಾರ ಕಬ್ಬಾಳಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬರೋಣ ಎಂದು ಹೊರಟೆ. ತಮ್ಮ ಹಟ್ಟಿ ಬಾಗಿಲಲ್ಲಿ ಕೂತಿದ್ದ.

“ಅಮ್ಮುನ್ ತಾವ ಯಾಕ್ ಓಯ್ತೀಯ? ನನ್ನ ಒಡೆದಿದ್ದು ಅವ್ಳಾ? ಟೀ ಅಂಗ್ಡಿ ತಾವ್ಕೋಗಿ ಏಳು.”

ಹೋಗಲು ಎರಡು ಬೆಳೆ ಹುಳು ಹಣ್ಣಾಗಿ ಗೂಡು ಕಟ್ಟುವಷ್ಟು ದಿನ ಹಿಡಿಯಿತು. ಕಳೆದ ವಾರ ಹೋದೆ. ಟೀವಿಯಲ್ಲಿ ಬೇರೇನೋ ಕಿರುಚಾಟ. ಮೆಂಬರ್ ಮಾವ ಇದ್ದರು, ಹೆಲ್ಮೆಟ್ಟಿನವನೂ ಇದ್ದ. ನಿಂತುಕೊಂಡೇ ಹೇಳಿದೆ, ಗಂಟಿನ ವಿಷಯ, ಕರ್ಪೂರದ ವಿಷಯ, ಎಲ್ಲಾ. ಹೆಲ್ಮೆಟ್ಟಿನವನು, “ಯಾವ್ ಪೆಟ್ಗೆ?” ಅಂದ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ. ಮಾವನಿಗೆ ನೆನಪಿತ್ತು. ಗ್ಲಾಸನ್ನು ಬೆಂಚಿನ ಮೇಲಿಟ್ಟರು.

“ನೀನು ಆವತ್ತೇ ಏಳಿದ್ರೂ ಬುಡ್ತಿರ್ನಿಲ್ಲ ಕಣ್ಲಾ,” ಅಂದರು. “ನಿನ್ನೂ ಸೇರ್‍ಸ್ಕಂಡ್ ಒಡೀತಿದ್ವಿ.”

ಮನೆಗೆ ಬಂದಾಗ ತಮ್ಮ ಸೊಪ್ಪಿನ ತೋಟದಲ್ಲಿ ಹೊರೆ ಜೋಡಿಸುತ್ತಿದ್ದ. ಅವನ ಬಲಗಡೆಗೆ ಹೋಗಿ ನಿಂತು, ಹೇಳಿ ಬಂದೆ ಅಂದೆ.

“ಏನಂದ್ರು?”

“ಆವತ್ತೇ ಏಳಿದ್ರೆ ನನ್ನೂ ಸೇರ್‍ಸಿ ಒಡೀತಿದ್ರಂತೆ.”

ಅವನು ಹುರಿಯನ್ನು ಎರಡು ಸುತ್ತು ಸುತ್ತಿ, ಮಂಡಿಯೂರಿ ಬಿಗಿದು, ಕುಣಿಕೆ ಹೊರಗೆ ಬಿಟ್ಟ.

“ಮತ್ತೆ? ಏಟು ಇಬ್ರಿಗೂ ಅರ್ಧರ್ಧ ಬೀಳೋದಲ್ವಾ ಅಣ್ಣ,” ಅಂದು ಹೊರೆಯನ್ನು ಎತ್ತಿ ನನ್ನ ತಲೆಯ ಮೇಲಿಟ್ಟ.