ಮೊದಲು ಕೂಡಿಸು, ಆಮೇಲೆ ಕತ್ತರಿಸು

ಸಿಟ್ಟು ಬಂದರೆ ವೀರಭದ್ರಪ್ಪ ಸರ್ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೊತ್ತು ಎಷ್ಟಾದರೂ ಆಗಲಿ, ಮುಗಿಯದೆ ಬಿಡುವುದಿಲ್ಲ ಎಂದು ಅದರರ್ಥ. ಹರಪನಹಳ್ಳಿಯ ನಮ್ಮ ಕಾಲೇಜಿಗೆ ಗಣಿತ ಹೇಳಲು ಬರುತ್ತಿದ್ದ ಅತಿಥಿ ಉಪನ್ಯಾಸಕರು ಅವರು. ಪ್ರತಿ ವರ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಫ್ಲೋರ್ ಫಂಕ್ಷನ್ ಶುರುಮಾಡಿದ ದಿನ ಬೋರ್ಡಿನ ಮೇಲೆ ಎರಡು ಗೋಡೆ ಎಳೆದು, ಕೆಳಗಡೆ ಮಾತ್ರ ಒಳಮುಖವಾಗಿ ಚಿಕ್ಕ ಪಾದ ಕೊಟ್ಟರು.

"ನೋಡ್ರಿ, ನೆಲ ಐತಿ, ಮಾಳಿಗಿ ಇಲ್ಲ. ಒಳಗ ಬಂದ ಸಂಖ್ಯೆ ಕೆಳಗಿನ ಪೂರ್ಣಾಂಕಕ್ಕ ಇಳೀತೈತಿ."

ಎರಡು ಪಾಯಿಂಟ್ ಮೂರು ಎರಡಾಯಿತು. ಮೈನಸ್ ಎರಡು ಪಾಯಿಂಟ್ ಮೂರು? "ಮೈನಸ್ ಎರಡು" ಎಂದು ಇಡೀ ತರಗತಿ ಕೂಗಿತು. ಗಡಿಯಾರ ಜೇಬಿಗೆ ಹೋಯಿತು.

"ಲೇ, ಬಾವ್ಯಾಗ ಕಾಲು ಜಾರಿದಾವ ಮ್ಯಾಲಿನ ಮೆಟ್ಟಿಲಿಗೆ ಬೀಳ್ತಾನೇನು? ಮೈನಸ್ ಮೂರು! ಬಾಲ ಕತ್ತರಿಸೋದಲ್ಲಲೇ ಇದು, ಕೆಳಗ ಇಳಿಯೋದು."

ಆ ವರ್ಷವೇ ಕಾಲೇಜಿಗೆ ಕಂಪ್ಯೂಟರ್ ಬಂತು. ಸರಾಸರಿ ಹಾಜರಾತಿ ಶೇಕಡಾ ಎಪ್ಪತ್ತೈದಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ ಎಂಬ ಪಟ್ಟಿಯನ್ನು ಅದೇ ತೆಗೆಯಿತು. ಅದರಲ್ಲಿ ನನ್ನ ಪಕ್ಕ ಕೂರುತ್ತಿದ್ದ ನೀಲಗುಂದದ ಕೊಟ್ರಮ್ಮನ ಹೆಸರಿತ್ತು. "ಈ ವರ್ಷ ಪಾಸಾದ್ರ ಮುಂದ ಓದು, ಇಲ್ಲಾಂದ್ರ ಮನ್ಯಾಗಿರು" ಎಂದು ಅವಳಣ್ಣ ಹೇಳಿಬಿಟ್ಟಿದ್ದ.

ಸರ್ ಕೂತು ಲೆಕ್ಕ ಹಾಕಿದರು. ಎಲ್ಲ ವಿಷಯ ಕೂಡಿಸಿ ಸರಾಸರಿ ತೆಗೆದರೆ ಅವಳದು ಎಪ್ಪತ್ತೈದು ದಾಟುತ್ತಿತ್ತು. ಕಂಪ್ಯೂಟರಿನ ಸೂತ್ರ ಒಂದೊಂದು ವಿಷಯದ ಶೇಕಡಾವನ್ನೂ ಮೊದಲೇ ನೆಲಕ್ಕಿಳಿಸಿ, ಆಮೇಲೆ ಸರಾಸರಿ ತೆಗೆದಿತ್ತು; ಅದಕ್ಕೇ ಅವಳದು ಎಪ್ಪತ್ತೈದು ಮುಟ್ಟಿರಲಿಲ್ಲ.

ನಾನೂ ಕೊಟ್ರಮ್ಮನೂ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಸರ್ ಗಡಿಯಾರ ಬಿಚ್ಚಿದರು.

"ಒಂದೂವರಿಗೆ ಒಂದೂವರಿ ಕೂಡಿಸಿದ್ರ ಎಷ್ಟ್ರಿ?"

"ಮೂರು. ನಾನೇನು ಸಣ್ಣ ಹುಡುಗನಾ?"

"ನಿಮ್ಮ ಕಂಪ್ಯೂಟರ್ ಎರಡು ಅಂತೈತ್ರಿ. ಮೊದಲ ಕತ್ತರಿಸಿ ಆಮ್ಯಾಲೆ ಕೂಡಿಸ್ತೈತಿ. ಆ ಹುಡುಗಿ ಬಂದು ಕುಂತ ಕ್ಲಾಸು ಯಾರ ಹೊಟ್ಟಿಗೆ ಹೋದ್ವು?"

"ವೀರಭದ್ರಪ್ಪಾರ, ಪಟ್ಟಿ ಕಳಿಸಿ ಆಗೇತಿ. ಎಲ್ಲಾರಿಗೂ ಒಂದ ಸೂತ್ರ."

"ಎಲ್ಲಾರಿಗೂ ತಪ್ಪು ಮಾಡಿದ್ರ ನ್ಯಾಯ ಆತೇನ್ರಿ?"

ಈ ಕೊನೆಯ ಮಾತು ಅವರದೋ, ವರ್ಷಗಟ್ಟಲೆ ಸಿಟ್ಟು ಸಾಕಿಕೊಂಡ ನಾನು ಅವರ ಬಾಯಿಗಿಟ್ಟದ್ದೋ, ಈಗ ಹೇಳಲಾರೆ. ನೆನಪನ್ನು ನಾನು ನಂಬುವುದಿಲ್ಲ. ಲೆಕ್ಕವನ್ನು ಮಾತ್ರ ಈಗಲೂ ಹಾಕಿ ನೋಡುತ್ತೇನೆ. ಪ್ರತಿ ಸಲವೂ ಕೊಟ್ರಮ್ಮ ಪರೀಕ್ಷೆಗೆ ಕೂರುತ್ತಾಳೆ. ಅವಳು ಕೂರಲಿಲ್ಲ. ಮರುವರ್ಷ ಸರ್‌ಗೂ ಕರೆ ಬರಲಿಲ್ಲ.

ಬಹಳ ದಿನಗಳ ಮೇಲೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಹಡಗಲಿಯಲ್ಲಿ ಟ್ಯೂಷನ್ ಹೇಳುತ್ತಿದ್ದರಂತೆ. ಖುಷಿಪಡಲಿ ಎಂದು ಹೇಳಿದೆ: "ಸರ್, ಆ ಸೂತ್ರ ಸರಿ ಮಾಡ್ಯಾರ್ರಿ."

"ಕೊಟ್ರಮ್ಮನ್ನ ಕರಸಿದ್ರೇನು?"

"ಇಲ್ರಿ ಸರ್."

"ಮತ್ತೇನು ಸರಿ ಮಾಡ್ಯಾರವ್ವಾ?"

ಹಡಗಲಿ ಬಸ್ಸು ಹೊರಟಿತ್ತು. ಹತ್ತಿಕೊಂಡರು, ತಿರುಗಿ ನೋಡಲಿಲ್ಲ.